ಕತ್ತಲಲ್ಲಿ ಸೈಕಲ್: ಮಾಡಬೇಕಾದ್ದು, ಮಾಡಬಾರದ್ದು

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಸೈಕಲ್ ಸವಾರರು, ಪೋಷಕರು, ವಾಹನ ಚಾಲಕರು ಮತ್ತು ರೈತರ ಗಮನಕ್ಕೆ

ಕೊಳ್ಳೇಗಾಲದಿಂದ ಮಾಂಬಳ್ಳಿ, ಯಳಂದೂರು ದಾಟಿ ಸಂತೇಮರಹಳ್ಳಿ ಕಡೆಗೆ ಹೋಗುವ ಹೆದ್ದಾರಿ ಒಂದು. ಮಧುವನಹಳ್ಳಿ, ಕಾಮಗೆರೆ ಮೇಲೆ ಹನೂರಿಗೆ, ಅಲ್ಲಿಂದ ಕೌದಳ್ಳಿ, ತಾಳಬೆಟ್ಟದ ಮೂಲಕ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆ ಇನ್ನೊಂದು. ಸತ್ತೇಗಾಲದ ಕಾವೇರಿ ಸೇತುವೆ ದಾಟಿ ಮಳವಳ್ಳಿ ಕಡೆಗೆ ಹೊರಡುವ ದಾರಿ ಮತ್ತೊಂದು. ಊರು ದಾಟಿದ ಮೇಲೆ ಈ ದಾರಿಗಳಲ್ಲಿ ಬಹುಪಾಲು ಕತ್ತಲೆಯೇ. ಆ ಕತ್ತಲೆಯಲ್ಲೇ ಡೈರಿಗೆ ಹಾಲು ಹಾಕುವವರು, ಹಿಪ್ಪುನೇರಳೆ ಸೊಪ್ಪು ತರುವವರು, ಗದ್ದೆಗೆ ನೀರು ಕಟ್ಟಲು ಹೋಗುವವರು, ಸ್ಪೆಷಲ್ ಕ್ಲಾಸು ಮುಗಿಸಿ ಮನೆಗೆ ಬರುವ ಹೈಸ್ಕೂಲು ಮಕ್ಕಳು ಸೈಕಲ್ ತುಳಿಯುತ್ತಾರೆ. ಅದೇ ದಾರಿಯಲ್ಲಿ ಕಬ್ಬಿನ ಲಾರಿ, ಟ್ರ್ಯಾಕ್ಟರ್, ಬಸ್ಸು, ಬೆಟ್ಟಕ್ಕೆ ಹೋಗುವ ಯಾತ್ರಿಕರ ಕಾರುಗಳೂ ಓಡುತ್ತವೆ.

ಈ ಸೂಚನೆಯ ಮಾತು ಒಂದೇ: ನಿಮಗೆ ಲಾರಿ ಕಾಣುತ್ತಿದೆ ಎಂದಮಾತ್ರಕ್ಕೆ ಲಾರಿಯವನಿಗೆ ನೀವು ಕಾಣುತ್ತಿದ್ದೀರಿ ಎಂದಲ್ಲ. ಅವನ ಎರಡು ದೊಡ್ಡ ದೀಪಗಳು ನಿಮಗೆ ಒಂದು ಕಿಲೋಮೀಟರ್ ದೂರದಿಂದಲೇ ಕಾಣುತ್ತವೆ. ದೀಪವಿಲ್ಲದ ನಿಮ್ಮ ಸೈಕಲ್ ಅವನಿಗೆ ಕಾಣುವುದು ಕೊನೆಯ ಗಳಿಗೆಯಲ್ಲಿ.

ಲೆಕ್ಕ ಮೊದಲು ತಿಳಿದಿರಲಿ

ಕಣ್ಣಿಗೆ ಬಿದ್ದದ್ದು ಮನಸ್ಸಿಗೆ ತಿಳಿದು, ಕಾಲು ಬ್ರೇಕಿನ ಮೇಲೆ ಹೋಗಲು ಚಾಲಕನಿಗೆ ಸುಮಾರು 2 ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಕಾರು ಪೂರ್ತಿ ನಿಲ್ಲಲು ಬೇಕಾಗುವ ದೂರ ಹೀಗಿದೆ:

- ಗಂಟೆಗೆ 40 ಕಿ.ಮೀ. ವೇಗ: ಸುಮಾರು 30 ಮೀಟರ್
- ಗಂಟೆಗೆ 60 ಕಿ.ಮೀ. ವೇಗ: ಸುಮಾರು 55 ಮೀಟರ್
- ಗಂಟೆಗೆ 80 ಕಿ.ಮೀ. ವೇಗ: ಸುಮಾರು 80 ಮೀಟರ್

ಮಳೆಯಲ್ಲಿ ಇದು ಇನ್ನೂ ಹೆಚ್ಚು. ಲೋಡು ತುಂಬಿದ ಲಾರಿಗೆ ಮತ್ತೂ ಹೆಚ್ಚು. ಕಡುಬಣ್ಣದ ಬಟ್ಟೆ ತೊಟ್ಟು ದೀಪವಿಲ್ಲದೆ ಹೋಗುವ ಸವಾರ ಡಿಮ್ ಲೈಟಿನಲ್ಲಿ ಕಾಣುವುದು 30 ಮೀಟರ್ ಆಸುಪಾಸಿನಲ್ಲಿ. ಅಂದರೆ 60ರಲ್ಲಿ ಬರುವ ಚಾಲಕ ಎಷ್ಟೇ ಒಳ್ಳೆಯವನಾಗಿರಲಿ, ಎಷ್ಟೇ ಗಟ್ಟಿಯಾಗಿ ಬ್ರೇಕ್ ಒತ್ತಲಿ, ನಿಮ್ಮನ್ನು ಮುಟ್ಟುವ ಮೊದಲು ವಾಹನ ನಿಲ್ಲುವುದಿಲ್ಲ. ಉರಿಯುವ ಕೆಂಪು ದೀಪ, ಚೊಕ್ಕಟವಾದ ರಿಫ್ಲೆಕ್ಟರ್ 100 ಮೀಟರ್‌ಗೂ ಆಚೆಯಿಂದ ಕಾಣುತ್ತವೆ. ಆ ಹೆಚ್ಚಿನ ದೂರವೇ ನಿಮ್ಮ ಜೀವ.

ಸೈಕಲ್ಲಿಗೆ ಮಾಡಬೇಕಾದ್ದು

1. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಹಾಕಿಸಿ. ಎರಡರಲ್ಲಿ ಒಂದಕ್ಕೇ ದುಡ್ಡು ಇದೆ ಎಂದರೆ ಮೊದಲು ಹಿಂದಿನ ಕೆಂಪು ದೀಪ ಕೊಳ್ಳಿ. ಎದುರಿನಿಂದ ಬರುವ ಗಾಡಿ ನಿಮಗೆ ಕಾಣುತ್ತದೆ, ನೀವು ಪಕ್ಕಕ್ಕೆ ಸರಿಯಬಹುದು. ಹಿಂದಿನಿಂದ ಬರುವುದು ನಿಮಗೆ ಕಾಣುವುದಿಲ್ಲ. ಅಲ್ಲಿ ನಿಮ್ಮನ್ನು ಉಳಿಸಬೇಕಾದವನು ಚಾಲಕ, ಅವನಿಗೆ ನೀವು ಕಾಣಲೇಬೇಕು. ಮುಂದಿನ ದೀಪ ಬರುವವರೆಗೆ ಕತ್ತಲಲ್ಲಿ ಸೈಕಲ್ ತುಳಿಯಬೇಡಿ, ತಳ್ಳಿಕೊಂಡು ಬನ್ನಿ.

2. ದೀಪ ಇದ್ದರೂ ರಿಫ್ಲೆಕ್ಟರ್ ಇರಲೇಬೇಕು. ಹಿಂದಿನ ಮಡ್‌ಗಾರ್ಡಿಗೆ ಕೆಂಪು, ಹ್ಯಾಂಡಲ್ ಕೆಳಗೆ ಬಿಳಿ, ಎರಡೂ ಚಕ್ರದ ಕಡ್ಡಿಗಳಿಗೆ ಒಂದೊಂದು, ಪೆಡಲಿನ ಎರಡೂ ಬದಿಗೆ ಹಳದಿ. ಸೆಲ್ಲು ಮುಗಿದರೆ ದೀಪ ಆರುತ್ತದೆ, ರಿಫ್ಲೆಕ್ಟರ್ ಆರುವುದಿಲ್ಲ. ಹೆಡ್‌ಲೈಟು ಬಿದ್ದಾಗ ಹಸುವಿನ ಕಣ್ಣು ಹೊಳೆಯುವ ಹಾಗೆ, ಅದು ಬಂದ ಬೆಳಕನ್ನು ಬಂದ ಕಡೆಗೇ ತಿರುಗಿಸಿ ಚಾಲಕನ ಕಣ್ಣಿಗೆ ಮುಟ್ಟಿಸುತ್ತದೆ.

3. ಹೊಸ ಸೈಕಲ್ ಕೊಳ್ಳುವಾಗ ರಿಫ್ಲೆಕ್ಟರ್‌ಗಳನ್ನು ಎಣಿಸಿ ನೋಡಿ. ಸೈಕಲ್ ರಿಫ್ಲೆಕ್ಟರ್‌ಗಳ ಗುಣಮಟ್ಟ ನಿಯಂತ್ರಣಕ್ಕೆಂದೇ ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಹೊರಡಿಸಿದೆ. ಕಿತ್ತುಹೋಗಿದ್ದರೆ ಹಾಕಿಕೊಡುವಂತೆ ಅಂಗಡಿಯವರನ್ನು ಕೇಳಿ. ಹಾಕಿಸದೆ ಸೈಕಲ್ ಹೊರಗೆ ತರಬೇಡಿ.

4. ಹಳೆಯ ಸೈಕಲ್ ಆದರೆ ರೇಡಿಯಂ ಸ್ಟಿಕರ್ ಅಂಟಿಸಿ. ಗಾಡಿಗಳ ನಂಬರ್ ಪ್ಲೇಟ್ ಬರೆಯುವ ಅಂಗಡಿಯಲ್ಲಿ ಇದು ಸಿಗುತ್ತದೆ, ಉಳಿದ ತುಂಡುಗಳಾದರೂ ಸಾಕು. ಹಿಂದಿನ ಮಡ್‌ಗಾರ್ಡಿಗೆ ಮತ್ತು ಕ್ಯಾರಿಯರ್ ತುದಿಗೆ ಕೆಂಪು, ಮುಂದಿನ ಫೋರ್ಕಿಗೆ ಬಿಳಿ, ಪೆಡಲ್ ಕಡ್ಡಿಗೆ ಹಳದಿ ಅಂಟಿಸಿ. ಅಂಟಿಸುವ ಮೊದಲು ಎಣ್ಣೆ, ಧೂಳು, ತುಕ್ಕು ಉಜ್ಜಿ ತೆಗೆಯಿರಿ. ಇಲ್ಲದಿದ್ದರೆ ಒಂದು ಮಳೆಗೇ ಕಿತ್ತು ಬರುತ್ತದೆ.

5. ಸರ್ಕಾರ ಕೊಟ್ಟ ಸೈಕಲ್ ಮನೆಯಲ್ಲಿದ್ದರೆ ಇವತ್ತೇ ಹೊರಗೆ ತೆಗೆದು ನೋಡಿ. ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಕರ್ನಾಟಕದಲ್ಲಿ 2006–07ರಲ್ಲಿ ಶುರುವಾಯಿತು. ಆಗ ಓದುತ್ತಿದ್ದ ಮಕ್ಕಳು ದೊಡ್ಡವರಾದರು, ಅವರ ಸೈಕಲ್ಲುಗಳನ್ನು ಅಪ್ಪಂದಿರು ಗದ್ದೆಗೆ, ಡೈರಿಗೆ ತುಳಿಯುತ್ತಿದ್ದಾರೆ. ರಿಫ್ಲೆಕ್ಟರ್ ಒಡೆದು ಎಷ್ಟು ಕಾಲವಾಗಿದೆಯೋ ಯಾರೂ ನೋಡಿರುವುದಿಲ್ಲ. ಚೈನು, ಬ್ರೇಕು ಸರಿಮಾಡಿಸುವ ದಿನವೇ ಅದನ್ನೂ ಹಾಕಿಸಿ.

6. ಡೈನಮೋ ಇದ್ದರೆ ಒಳ್ಳೆಯದು, ಅದಕ್ಕೆ ಸೆಲ್ಲು ಬೇಡ. ಆದರೆ ಮಾಮೂಲಿ ಡೈನಮೋ ದೀಪ ಚಕ್ರ ನಿಂತಕೂಡಲೇ ಆರಿಹೋಗುತ್ತದೆ. ಬಲಕ್ಕೆ ತಿರುಗಲು ರಸ್ತೆ ನಡುವೆ ನಿಂತಾಗ, ಅಂದರೆ ಅಪಾಯ ಹೆಚ್ಚಿರುವ ಹೊತ್ತಿನಲ್ಲೇ, ನೀವು ಕತ್ತಲಲ್ಲಿ ಇರುತ್ತೀರಿ. ಡೈನಮೋ ಜೊತೆಗೆ ಸೆಲ್ಲಿನ ಕೆಂಪು ದೀಪವೂ ಇರಲಿ.

7. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ದೀಪ, ರಿಫ್ಲೆಕ್ಟರ್ ಒರೆಸಿ. ಕೆಸರು ಮೆತ್ತಿದ ರಿಫ್ಲೆಕ್ಟರ್ ಇದ್ದೂ ಇಲ್ಲದಂತೆ.

ಸೈಕಲ್ಲಿಗೆ ಮಾಡಬಾರದ್ದು

1. ಹಿಂದೆ ಬಿಳಿ ಅಥವಾ ನೀಲಿ ದೀಪ, ಮುಂದೆ ಕೆಂಪು ದೀಪ ಹಾಕಕೂಡದು. ಕೆಂಪು ಕಂಡರೆ ಗಾಡಿ ತನ್ನ ಮುಂದೆ ಹೋಗುತ್ತಿದೆ, ಬಿಳಿ ಕಂಡರೆ ಎದುರಿಗೆ ಬರುತ್ತಿದೆ ಎಂದು ಚಾಲಕ ತಿಳಿಯುತ್ತಾನೆ. ಬಣ್ಣ ತಪ್ಪಿದರೆ ಅವನ ತೀರ್ಮಾನವೂ ತಪ್ಪುತ್ತದೆ.

2. ಮುಂದಿನ ದೀಪವನ್ನು ಎದುರಿನವರ ಕಣ್ಣಿಗೆ ನೇರ ಹೊಡೆಯುವಂತೆ ಕಟ್ಟಬೇಡಿ. ಬೆಳಕು ಹತ್ತಡಿ, ಹದಿನೈದಡಿ ಮುಂದೆ ನೆಲಕ್ಕೆ ಬೀಳಲಿ. ಕಣ್ಣು ಕುಕ್ಕಿಸಿಕೊಂಡ ಚಾಲಕನಿಗೆ ನೀವೂ ಕಾಣುವುದಿಲ್ಲ, ನಿಮ್ಮ ಹಿಂದಿರುವವರೂ ಕಾಣುವುದಿಲ್ಲ.

3. ಮೊಬೈಲ್ ಟಾರ್ಚನ್ನು ಕೈಯಲ್ಲಿ ಹಿಡಿದುಕೊಂಡು, ಬಾಯಲ್ಲಿ ಕಚ್ಚಿಕೊಂಡು ತುಳಿಯಬೇಡಿ. ಒಂದು ಕೈ ಬ್ರೇಕಿನಿಂದ ದೂರವಾಗುತ್ತದೆ, ಹಿಂದಿನ ಕತ್ತಲೆ ಹಾಗೇ ಉಳಿಯುತ್ತದೆ.

4. ಹಿಂದಿನ ದೀಪವನ್ನು ಹೊರೆಯಿಂದ ಮುಚ್ಚಬೇಡಿ. ಹುಲ್ಲಿನ ಹೊರೆ, ಸೊಪ್ಪಿನ ಮೂಟೆ, ಸೌದೆ, ಹಾಲಿನ ಕ್ಯಾನು, ಸ್ಕೂಲ್ ಬ್ಯಾಗು, ಹಿಂದೆ ಕೂತ ಮಗುವಿನ ಕಾಲು ಇವೆಲ್ಲ ದೀಪವನ್ನು ಮರೆಮಾಡುತ್ತವೆ. ಹೊರೆ ಇದ್ದ ದಿನ ದೀಪವನ್ನು ಬಿಚ್ಚಿ ಹೊರೆಯ ಹಿಂಬದಿಗೇ ಕಟ್ಟಿ. ದಿನವೂ ಹಾಲು ಒಯ್ಯುವವರು ಕ್ಯಾನಿನ ಸುತ್ತ ಕೆಂಪು ರೇಡಿಯಂ ಪಟ್ಟಿ ಅಂಟಿಸಿ. ಅಡ್ಡಲಾಗಿ ಚಾಚಿದ ಸೋಗೆ, ಬಿದಿರು, ಪೈಪುಗಳನ್ನು ಕತ್ತಲಲ್ಲಿ ಸೈಕಲ್ ಮೇಲೆ ಸಾಗಿಸಲೇಬೇಡಿ.

5. ಗುಂಡಿಯ ಹಾಗಿರುವ ಚಿಕ್ಕ ಸೆಲ್ಲುಗಳನ್ನು ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ನುಂಗಿದ ಸಂಶಯ ಬಂದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಸವಾರ ಮಾಡಬೇಕಾದ್ದು

1. ಸೂರ್ಯ ಮುಳುಗುವ ಮೊದಲೇ ದೀಪ ಹಚ್ಚಿ. ನವೆಂಬರ್ ಕೊನೆಯಲ್ಲಿ ನಮ್ಮ ಕಡೆ ಸಂಜೆ 6ಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಜನವರಿ ನಡುವೆ ಬೆಳಿಗ್ಗೆ ಆರೂವರೆಯಾದರೂ ಸೂರ್ಯ ಹುಟ್ಟಿರುವುದಿಲ್ಲ, ಮೇಲೆ ಮಂಜು ಬೇರೆ. ಡೈರಿಗೆ ಹೋಗುವ ಹೊತ್ತೂ ಅದೇ. ಅರೆಗತ್ತಲಲ್ಲಿ ನಿಮಗೆ ದಾರಿ ಕಾಣುತ್ತದೆ, ಆದ್ದರಿಂದ ದೀಪ ಬೇಡ ಅನ್ನಿಸುತ್ತದೆ. ದೀಪ ಇರುವುದು ನೀವು ದಾರಿ ನೋಡುವುದಕ್ಕಷ್ಟೇ ಅಲ್ಲ, ಬೇರೆಯವರು ನಿಮ್ಮನ್ನು ನೋಡುವುದಕ್ಕೆ.

2. ಹಗಲಲ್ಲೂ ದೀಪ ಉರಿಯುತ್ತಿದ್ದರೆ ಒಳ್ಳೆಯದೇ. ಡೆನ್ಮಾರ್ಕಿನ ಓಡೆನ್ಸೆ ನಗರದಲ್ಲಿ 2004–05ರಲ್ಲಿ ಸುಮಾರು 3,800 ಸವಾರರ ಮೇಲೆ ಒಂದು ವರ್ಷ ಪರೀಕ್ಷೆ ನಡೆಯಿತು. ಹಗಲೂ ರಾತ್ರಿ ತಾನಾಗಿ ಉರಿಯುವ ದೀಪ ಹಾಕಿಕೊಂಡವರಲ್ಲಿ, ಗಾಯವಾಗುವ ಅಪಘಾತಗಳ ಪ್ರಮಾಣ ಉಳಿದವರಿಗಿಂತ ಶೇ 19ರಷ್ಟು ಕಡಿಮೆಯಿತ್ತು.

3. ಕಾಲಿಗೆ ರೇಡಿಯಂ ಪಟ್ಟಿ ಕಟ್ಟಿ. ಇದು ಈ ಸೂಚನೆಯಲ್ಲಿ ಅತ್ಯಂತ ಅಗ್ಗದ, ಅತ್ಯಂತ ಕೆಲಸಕ್ಕೆ ಬರುವ ಮಾತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರ ರಾತ್ರಿ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. ಕಪ್ಪು ಬಟ್ಟೆಯ ಸವಾರನನ್ನು ಚಾಲಕರು ಗುರುತಿಸಿದ್ದು ಶೇ 2ರಷ್ಟು ಸಲ ಮಾತ್ರ. ಬರೀ ಕಣ್ಸೆಳೆಯುವ ಹಳದಿ ಮೇಲಂಗಿಯಲ್ಲಿ ಶೇ 15. ರಿಫ್ಲೆಕ್ಟರ್ ಪಟ್ಟಿಯಿದ್ದ ಮೇಲಂಗಿಯಲ್ಲಿ ಶೇ 50. ಅದರ ಜೊತೆಗೆ ಮೊಣಕಾಲು, ಕಣಕಾಲಿಗೂ ಪಟ್ಟಿ ಕಟ್ಟಿದಾಗ ಶೇ 90. ಪೆಡಲ್ ತುಳಿಯುವ ಕಾಲು ಮೇಲೆ ಕೆಳಗೆ ಆಡುತ್ತದೆ. ಆ ಚಲನೆ ಕಂಡಕೂಡಲೇ ಇದು ಮೈಲಿಗಲ್ಲಲ್ಲ, ಮನುಷ್ಯ ಎಂದು ಚಾಲಕನ ಮನಸ್ಸಿಗೆ ಹೊಳೆಯುತ್ತದೆ.

4. ತಿಳಿಬಣ್ಣದ ಬಟ್ಟೆ ತೊಡಿ. ಚಳಿಗೆ ಕರಿ ಕಂಬಳಿ, ಕಡುನೀಲಿ ಸ್ವೆಟರ್ ಹಾಕಲೇಬೇಕಾದರೆ ಮೇಲೆ ಒಂದು ಬಿಳಿ ಟವಲ್ಲಾದರೂ ಬೆನ್ನು ಕಾಣುವಂತೆ ಹೊದೆಯಿರಿ. ಅದರ ತುದಿ ಚಕ್ರಕ್ಕೆ ಸಿಕ್ಕದಂತೆ ಗಂಟು ಹಾಕಿ. ಬಿಳಿ ಬಟ್ಟೆ ಕಪ್ಪಿಗಿಂತ ವಾಸಿ, ಆದರೆ ದೀಪಕ್ಕೆ ಬದಲಿಯಲ್ಲ.

5. ರಸ್ತೆಯ ಎಡಬದಿಯಲ್ಲೇ, ನೇರವಾಗಿ ಸಾಗಿ. ಸೇತುವೆಯ ಮೇಲೆ, ತಿರುವಿನಲ್ಲಿ ಹಿಂದಿನಿಂದ ದೊಡ್ಡ ಗಾಡಿಯ ಸದ್ದು ಕೇಳಿದರೆ ಅಡ್ಡಾಡದೆ ಒಂದೇ ಗೆರೆಯಲ್ಲಿ ಹೋಗಿ.

6. ಚೈನು ಬಿದ್ದರೆ, ಪಂಕ್ಚರ್ ಆದರೆ ಡಾಂಬರು ಬಿಟ್ಟು ಪೂರ್ತಿ ಮಣ್ಣಿಗೆ ಇಳಿಯಿರಿ. ಕೆಂಪು ದೀಪ ಹಿಂದಕ್ಕೆ ಮುಖಮಾಡಿ ಉರಿಯುತ್ತಲೇ ಇರಲಿ.

ಸವಾರ ಮಾಡಬಾರದ್ದು

1. ಹೊಳೆಯುವ ಹಳದಿ, ಕಿತ್ತಳೆ ಬಟ್ಟೆಯೊಂದನ್ನೇ ರಾತ್ರಿ ನಂಬಬೇಡಿ. ಆ ಬಣ್ಣ ಹೊಳೆಯುವುದು ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳಿಂದ. ರಾತ್ರಿ ಅದಕ್ಕೆ ಆ ಬಲವಿಲ್ಲ.

2. ಎದುರು ದಿಕ್ಕಿನಲ್ಲಿ ಸೈಕಲ್ ಓಡಿಸಬೇಡಿ. ಹತ್ತಿರದ ದಾರಿ ಎಂದು ಹೆದ್ದಾರಿಯ ಬಲಬದಿ ಹಿಡಿಯುವವರು, ಯಾರೂ ನಿರೀಕ್ಷಿಸದ ಕಡೆಯಿಂದ ಬರುತ್ತಾರೆ.

3. ಕತ್ತಲಲ್ಲಿ ಇಬ್ಬರು, ಮೂವರು ಅಕ್ಕಪಕ್ಕದಲ್ಲಿ ಮಾತಾಡಿಕೊಂಡು ಹೋಗಬೇಡಿ. ಒಬ್ಬರ ಹಿಂದೆ ಒಬ್ಬರು ಹೋಗಿ. ಎಲ್ಲರಿಗಿಂತ ಒಳ್ಳೆಯ ಕೆಂಪು ದೀಪ ಇರುವವರು ಕೊನೆಯಲ್ಲಿರಲಿ.

4. ಕಿವಿಗೆ ಇಯರ್‌ಫೋನ್ ಹಾಕಬೇಡಿ. ಕುಡಿದು ಸೈಕಲ್ ಹತ್ತಬೇಡಿ.

5. ಕಾಡಿನ ದಾರಿಯಲ್ಲಿ ಕತ್ತಲಾದ ಮೇಲೆ ಸೈಕಲ್ ಬೇಡವೇ ಬೇಡ. ಯಳಂದೂರಿನಿಂದ ಗುಂಬಳ್ಳಿ ದಾಟಿದರೆ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ. ತಾಳಬೆಟ್ಟದ ಆಚೆ ಮಲೆ ಮಹದೇಶ್ವರ ವನ್ಯಧಾಮ. ದೀಪ ನಿಮ್ಮನ್ನು ಚಾಲಕನಿಗೆ ತೋರಿಸುತ್ತದೆ, ಆನೆಯಿಂದ ಕಾಪಾಡುವುದಿಲ್ಲ. ಹೊತ್ತು ಮೀರಿದರೆ ಇದ್ದ ಊರಲ್ಲೇ ಉಳಿಯಿರಿ, ಇಲ್ಲವೆ ಬಸ್ಸು ಹಿಡಿಯಿರಿ.

ಪೋಷಕರು, ಶಿಕ್ಷಕರು ಮಾಡಬೇಕಾದ್ದು

ಅಪ್ಪ ಅಮ್ಮಂದಿರೇ, ಮಗ ಮಗಳ ಸೈಕಲ್ಲಿನ ಹಿಂದೆ ಕೆಂಪು ದೀಪ ಉರಿಯುತ್ತಿದೆಯೇ ಎಂದು ನೀವೇ ನಿಂತು ನೋಡಿ. "ಹಾಕ್ಸಿದೀನಿ" ಎಂಬ ಮಾತಿಗೆ ಬಿಡಬೇಡಿ. ದೀಪ ಕೆಟ್ಟಿದ್ದರೆ ಆ ದಿನ ಮಗುವನ್ನು ಕರೆತರಲು ದೊಡ್ಡವರೊಬ್ಬರು ಹೋಗಬೇಕು.

ಮೇಷ್ಟ್ರುಗಳೇ, ಮೇಡಂಗಳೇ, ಸ್ಪೆಷಲ್ ಕ್ಲಾಸು ಇಟ್ಟರೆ ಮಕ್ಕಳು ಬೆಳಕಿರುವಾಗಲೇ ಮನೆ ಸೇರುವಂತೆ ಬಿಡಿ. ನವೆಂಬರಿನಿಂದ ಪರೀಕ್ಷೆಯವರೆಗೆ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ. ತಿಂಗಳಿಗೊಂದು ಶನಿವಾರ ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲೇ ರಿಫ್ಲೆಕ್ಟರ್, ಬ್ರೇಕು, ಬೆಲ್ಲು ನೋಡಿಸಿ. ಸ್ಕೂಲ್ ಬ್ಯಾಗಿನ ಹಿಂಬದಿಗೆ ಅಂಗೈ ಅಗಲದ ರೇಡಿಯಂ ತುಂಡು ಅಂಟಿಸುವುದನ್ನು ಮಕ್ಕಳಿಂದಲೇ ಮಾಡಿಸಿ. ದುಡ್ಡಿಲ್ಲ ಎಂದು ಯಾವ ಮಗುವೂ ದೀಪವಿಲ್ಲದೆ ಹೋಗಬಾರದು. ಎಸ್‌ಡಿಎಂಸಿ, ಹಳೆಯ ವಿದ್ಯಾರ್ಥಿಗಳು ಸೇರಿ ಹೊಂದಿಸಬೇಕು.

ಚಾಲಕರು ಮಾಡಬೇಕಾದ್ದು

1. ಎದುರಿನಿಂದ ಯಾರೇ ಬರಲಿ, ಸೈಕಲ್ಲೇ ಬರಲಿ, ಲೈಟು ಡಿಮ್ ಮಾಡಿ. ಸೈಕಲ್ ಸವಾರನೂ ರಸ್ತೆಯ ಹಕ್ಕುದಾರ. ಅವನ ಕಣ್ಣು ಕತ್ತಲೆ ಕಟ್ಟಿದರೆ ನಿಮ್ಮ ಚಕ್ರದ ಕಡೆಗೇ ವಾಲಬಹುದು.

2. ಎದುರಿನ ಲೈಟು ಕಣ್ಣಿಗೆ ಹೊಡೆದಾಗ ವೇಗ ಇಳಿಸಿ. ಆ ಕೆಲವು ಸೆಕೆಂಡು ರಸ್ತೆಯ ಎಡಬದಿ ನಿಮಗೆ ಕಾಣುತ್ತಿರುವುದಿಲ್ಲ, ಸೈಕಲ್ ಇರುವುದು ಅಲ್ಲೇ.

3. ಸೈಕಲ್ ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಿ. ಜಾಗ ಇಲ್ಲದಿದ್ದರೆ ಹಿಂದೆಯೇ ನಿಧಾನವಾಗಿ ಬನ್ನಿ.

4. ಹೆಡ್‌ಲೈಟಿನ ಗಾಜು, ಮುಂದಿನ ದೊಡ್ಡ ಗಾಜು ಎರಡನ್ನೂ ಹೊರಡುವ ಮೊದಲು ಒರೆಸಿ.

ಚಾಲಕರು ಮಾಡಬಾರದ್ದು

1. ಹೆಡ್‌ಲೈಟು ತೋರಿಸುವ ದೂರದೊಳಗೆ ನಿಲ್ಲಿಸಲಾಗದ ವೇಗದಲ್ಲಿ ಓಡಿಸಬೇಡಿ.

2. ಬೆನ್ನ ಹಿಂದೆ ಬಂದು ಒಮ್ಮೆಗೇ ಹಾರ್ನ್ ಬಾರಿಸಬೇಡಿ. ಬೆಚ್ಚಿದ ಸವಾರ ಬಲಕ್ಕೆ ಎಳೆಯುತ್ತಾನೆ.

3. ಕಬ್ಬಿನ ಲೋಡಿನವರೇ, ಹಿಂದಿನ ದೀಪ, ರಿಫ್ಲೆಕ್ಟರ್ ಮುಚ್ಚುವಂತೆ ಜಲ್ಲೆ ಇಳಿಬಿಡಬೇಡಿ. ಟ್ರೇಲರ್ ಹಿಂದೆ ದೀಪವಿಲ್ಲದೆ ರಸ್ತೆಗೆ ಇಳಿಯಬೇಡಿ. ಕೆಟ್ಟು ನಿಂತ ಟ್ರೇಲರನ್ನು ಗುರುತಿಲ್ಲದೆ ಬಿಟ್ಟುಹೋಗಬೇಡಿ. ಕುಂತೂರಿನ ಸಕ್ಕರೆ ಕಾರ್ಖಾನೆ ಕಡೆಯ ದಾರಿಗಳಲ್ಲಿ ಕಬ್ಬು ಅರೆಯುವ ಕಾಲದಲ್ಲಿ ಇದನ್ನು ಮರೆಯಲೇಬಾರದು.

4. ಕಾರಿನ ಬಾಗಿಲನ್ನು ಹಿಂದೆ ನೋಡದೆ ತೆರೆಯಬೇಡಿ.

ರೈತರು, ಪಂಚಾಯಿತಿ, ಪಾದಯಾತ್ರಿಕರು

ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ. ಹುರುಳಿ, ರಾಗಿ, ಜೋಳದ ಕಡ್ಡಿ ಹಾಸಿ, ಸುತ್ತ ಕಲ್ಲು ಇಟ್ಟು, ಸಂಜೆ ರಾಶಿ ಎತ್ತಿಕೊಂಡು ಹೋದಾಗ ಕಲ್ಲುಗಳು ಅಲ್ಲೇ ಉಳಿಯುತ್ತವೆ. ಸೈಕಲ್ಲಿನ ಸಣ್ಣ ದೀಪಕ್ಕೆ ಅವು ಕಾಣುವುದು ಚಕ್ರ ತಾಗುವ ಹೊತ್ತಿಗೆ. ಅದನ್ನು ತಪ್ಪಿಸಲು ಸವಾರ ಬಲಕ್ಕೆ ಬಂದರೆ ಹಿಂದೆ ಲಾರಿ. ಸಾರ್ವಜನಿಕ ದಾರಿಗೆ ಅಡ್ಡಿಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಡಿ ಅಪರಾಧ, 5,000 ರೂಪಾಯಿವರೆಗೆ ದಂಡ ಬೀಳಬಹುದು. ಕಣ ಇಲ್ಲ ಎಂಬುದು ನಿಜವಾದ ಕಷ್ಟ. ಪಂಚಾಯಿತಿಯಲ್ಲಿ ಸಾಮೂಹಿಕ ಕಣ ಕೇಳಿ ಪಡೆಯಿರಿ.

ಗ್ರಾಮ ಪಂಚಾಯಿತಿಯವರು ಊರಬಾಗಿಲು, ಬಸ್ ನಿಲ್ದಾಣ, ಡೈರಿ ಮುಂದೆ, ಹೆದ್ದಾರಿಗೆ ಅಡ್ಡರಸ್ತೆ ಸೇರುವಲ್ಲಿ ಬೀದಿದೀಪ ಉರಿಯುವಂತೆ ನೋಡಿಕೊಳ್ಳಬೇಕು. ನಮ್ಮ ನೆರೆಯ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. ಇಂದು ನಮ್ಮ ಊರಿನ ಅಡ್ಡರಸ್ತೆಗೆ ಒಂದು ಬಲ್ಬು ಇಲ್ಲ ಎಂದರೆ ಒಪ್ಪಬಾರದು. ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ.

ದೀಪಾವಳಿ, ಶಿವರಾತ್ರಿ, ಯುಗಾದಿಗೆ ಮಾದಪ್ಪನ ಬೆಟ್ಟಕ್ಕೆ ರಾತ್ರಿ ನಡೆಯುವ ಭಕ್ತರೇ, ರಸ್ತೆಯ ಬಲಬದಿಯಲ್ಲಿ, ಎದುರಿನ ಗಾಡಿ ಕಾಣುವಂತೆ, ಸಾಲಾಗಿ ನಡೆಯಿರಿ. ಬೆನ್ನಿನ ಚೀಲಕ್ಕೂ ಕಾಲಿಗೂ ರೇಡಿಯಂ ಪಟ್ಟಿ ಇರಲಿ. ಡಾಂಬರಿನ ಮೇಲೆ ಮಲಗಬೇಡಿ. ಆ ದಿನಗಳಲ್ಲಿ ಹನೂರು ರಸ್ತೆಯಲ್ಲಿ ಸೈಕಲ್ ತುಳಿಯುವವರು ಎರಡರಷ್ಟು ಎಚ್ಚರವಾಗಿರಿ.

ಅಪಘಾತ ಕಂಡರೆ

108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಗಾಯಾಳುವಿನ ಹಿಂದೆ, ಗಾಡಿಗಳು ಬರುವ ದಿಕ್ಕಿನಲ್ಲಿ, ರಸ್ತೆಬದಿ ನಿಂತು ಟಾರ್ಚ್ ಬೀಸಿ. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿದ್ದರೆ, ಬೇರೆ ಅಪಾಯ ಇಲ್ಲದಿದ್ದಾಗ ಎಳೆದಾಡಬೇಡಿ. ರಕ್ತ ಸುರಿಯುತ್ತಿದ್ದರೆ ಚೊಕ್ಕಟ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕೇಸು, ಸಾಕ್ಷಿ ಎಂದು ಹೆದರಿ ಬಿಟ್ಟುಹೋಗಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು, ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ನಿಮ್ಮ ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಅಪಘಾತ ಮಾಡಿದ ಚಾಲಕ ಓಡಿಹೋಗುವಂತಿಲ್ಲ, ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಅವನ ಕಾನೂನಿನ ಕರ್ತವ್ಯ.

ಇವತ್ತು ಸಂಜೆಯೇ ಮಾಡಬೇಕಾದ ಪರೀಕ್ಷೆ

ಕತ್ತಲಾದ ಮೇಲೆ, ಗಾಡಿ ಓಡಾಡದ ಜಾಗದಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ. ದಿನವೂ ಒಯ್ಯುವ ಹೊರೆಯನ್ನೇ ಕ್ಯಾರಿಯರಿಗೆ ಕಟ್ಟಿ. ದೀಪ ಹಚ್ಚಿ, ಹಿಂದಕ್ಕೆ ನೂರೈವತ್ತು ಹೆಜ್ಜೆ ನಡೆದು ತಿರುಗಿ ನೋಡಿ. ಕೆಂಪು ದೀಪ ಕಾಣಬೇಕು. ಆಮೇಲೆ ಮನೆಯವರಿಂದ ದೀಪ ಆರಿಸಿ, ಒಳ್ಳೆಯ ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿದು ಸೈಕಲ್ ಕಡೆಗೆ ಬಿಡಿ. ರಿಫ್ಲೆಕ್ಟರ್ ಹೊಳೆಯಬೇಕು. ಟಾರ್ಚನ್ನು ಸೊಂಟದ ಬಳಿ ಹಿಡಿದರೆ ಸರಿಯಾಗಿ ಕಾಣುವುದಿಲ್ಲ, ಏಕೆಂದರೆ ಬೆಳಕು ಹೊರಟ ಕಡೆಗೇ ವಾಪಸು ಬರುತ್ತದೆ. ಪಕ್ಕಕ್ಕೆ ಹೋಗಿ ಚಕ್ರಗಳನ್ನೂ ಹೀಗೆಯೇ ನೋಡಿ.

ಇವುಗಳಲ್ಲಿ ಒಂದು ಕಾಣದಿದ್ದರೂ ಆ ಸೈಕಲ್ ರಾತ್ರಿ ರಸ್ತೆಗೆ ಇಳಿಯಕೂಡದು. ನಾಳೆ ಬೆಳಿಗ್ಗೆ ಸರಿಮಾಡಿಸಿ, ನಾಳೆ ಸಂಜೆ ಮತ್ತೆ ಪರೀಕ್ಷಿಸಿ, ಆಮೇಲೆ ಹೊರಡಿ. ನಿಮ್ಮದು ಮುಗಿದರೆ ಪಕ್ಕದ ಮನೆಯವರದನ್ನೂ ನೋಡಿಕೊಡಿ.